ಕಸಾನೆಯಿಂದ ಫ್ರಾನ್ಸಿಸ್‌ಟೌನ್‌ಗೆ ಒಂದು ಗಂಟೆ ಮೂರು ನಿಮಿಷ

ಡಲ್ಲಾಸಿನ ಪಕ್ಕದ ಮರ್ಫಿಯಲ್ಲಿರುವ ಮೋಹನರಾಜರ ಮನೆಯ ಬಾಗಿಲು ತಟ್ಟಿ ನೋಡಿ. ಬಾಗಿಲು ತೆರೆದವರು ಬನ್ನಿ ಎನ್ನುವುದಿಲ್ಲ, ಚೆನ್ನಾಗಿದ್ದೀರಾ ಎಂದೂ ಕೇಳುವುದಿಲ್ಲ. ಯಾವ ರೂಟಿನಲ್ಲಿ ಬಂದಿರಿ, ಎಷ್ಟು ಹೊತ್ತು ಹಿಡಿಯಿತು ಎಂದು ಕೇಳುತ್ತಾರೆ. ಎಪ್ಪತ್ತೈದನೇ ಹೈವೇ ಮೇಲೆ ಬಂದೆವು ಎಂದಿರೋ, ಟೋಲ್‌ವೇ ಹಿಡಿಯಬೇಕಾಗಿತ್ತು. ಟೋಲ್‌ವೇನಲ್ಲೇ ಬಂದೆವು ಎಂದಿರೋ, ಈ ಹೊತ್ತಿನಲ್ಲಿ ಬುದ್ಧಿ ಇರುವವರು ಯಾರಾದರೂ ಟೋಲ್‌ವೇ ಹಿಡಿಯುತ್ತಾರೆಯೇ? ಚಪ್ಪಲಿ ಬಿಡುವಷ್ಟರಲ್ಲಿ ನೀವು ದಡ್ಡರಾಗಿರುತ್ತೀರಿ. ಸರಿಯಾದ ದಾರಿಯಲ್ಲಿ ಆ ಮನೆ ಮುಟ್ಟಿದವರು ಇವತ್ತಿನವರೆಗೆ ಒಬ್ಬರೂ ಇಲ್ಲ.

ರಿಚರ್ಡ್‌ಸನ್ನಿನ ಒಂದು ಟೆಲಿಕಾಂ ಕಂಪನಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು ಅವರು. ಅಲ್ಲಿ ಏನು ಮಾಡುತ್ತಿದ್ದರು ಎಂದು ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕಂಪನಿಗೂ ಗೊತ್ತಿತ್ತೋ ಇಲ್ಲವೋ. ರಿಟೈರ್ ಆದ ಮರುದಿನದಿಂದ ಮಾತ್ರ ಭೂಮಿಯ ಮೇಲಿನ ಎಲ್ಲ ದೂರಗಳ ಉಸ್ತುವಾರಿಯನ್ನು ತಾವೇ ವಹಿಸಿಕೊಂಡರು. ಎರಡು ಊರಿನ ಹೆಸರು ಒತ್ತಿದರೆ ನಡುವಿನ ಮೈಲಿಯನ್ನೂ ಹಾರುವ ಹೊತ್ತನ್ನೂ ಹೇಳುವ ಒಂದು ವೆಬ್‌ಸೈಟು ಅವರ ಫೋನಿನಲ್ಲಿ ಸದಾ ತೆರೆದೇ ಇರುತ್ತದೆ. ಬೇರೆಯವರು ಬೆಳಿಗ್ಗೆ ಎದ್ದು ದೇವರ ಫೋಟೋ ನೋಡಿದರೆ ಇವರು ಅದನ್ನು ನೋಡುತ್ತಾರೆ. ಅವರ ಅಳತೆಗೋಲೂ ಒಂದೇ. ಮೈಸೂರಿನಿಂದ ಹುಬ್ಬಳ್ಳಿಯೋ, ನಮ್ಮ ಡಲ್ಲಾಸ್–ಹ್ಯೂಸ್ಟನ್ ಇದ್ದ ಹಾಗೆ. ಕಾಶಿಯಿಂದ ಗಯೆಯೋ, ಡಲ್ಲಾಸ್–ಹ್ಯೂಸ್ಟನ್ನಿಗಿಂತ ಕಡಿಮೆ, ಬರೀ ಅಷ್ಟೇ. ಆ 'ಬರೀ' ಎನ್ನುವ ಮಾತು ಅವರ ಬಾಯಲ್ಲಿ ಅಡಕೆಯ ಹಾಗೆ ಸದಾ ಉರುಳುತ್ತಿರುತ್ತದೆ.

ಇಷ್ಟು ದೂರ ಬಲ್ಲವರು ಸ್ವತಃ ಕಾರು ಓಡಿಸುವುದಿಲ್ಲ ಎಂದರೆ ನೀವು ನಂಬಬೇಕು. ಕತ್ತು ನೋವು. ಹ್ಯೂಸ್ಟನ್ನಿನ ಮದುವೆಗೂ, ಇರ್ವಿಂಗಿನ ದೇವಸ್ಥಾನಕ್ಕೂ, ಮಗಳು ಪ್ರಗತಿ ಇರುವ ಆಸ್ಟಿನ್ನಿಗೂ ಓಡಿಸುವವರು ಹೆಂಡತಿ ನಾಗಮಣಿ. ಇವರು ಪಕ್ಕದ ಸೀಟಿನಲ್ಲಿ ಕೂತು ಲೇನ್ ಬದಲಿಸು, ಆ ಟ್ರಕ್ಕನ್ನು ದಾಟು ಎನ್ನುತ್ತಿರುತ್ತಾರೆ. ಆಕೆ ಹೂಂ ಎನ್ನುತ್ತ ತನಗೆ ಸರಿ ಕಂಡ ಲೇನಿನಲ್ಲೇ ಹೋಗುತ್ತಿರುತ್ತಾಳೆ. ಮೂವತ್ತೈದು ವರ್ಷದ ಸಂಸಾರ ಹೀಗೇ ನಡೆದದ್ದು.

ಇದೆಲ್ಲ ನಗುವ ಮಾತು. ನಗಲಾಗದ್ದೂ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಇರ್ವಿಂಗಿನ ಜಯಂತ ಎಂಬ ಹುಡುಗನ ತಂದೆ ಮೈಸೂರಿನಲ್ಲಿ ತೀರಿಕೊಂಡರು. ಅವನು ಸಿಕ್ಕಿದ ವಿಮಾನ ಹತ್ತಿ ಓಡಿದ. ನಡುವೆ ಕನೆಕ್ಷನ್ ತಪ್ಪಿ, ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ವಾಪಸು ಬಂದ ಮೇಲೆ ನಾವೆಲ್ಲ ಮಾತಾಡಿಸಲು ಹೋದೆವು. ಹೋದವರು ಸುಮ್ಮನೆ ಕೂತಿದ್ದೆವು. ಅಂಥ ಮನೆಯಲ್ಲಿ ಏನು ಮಾತಾಡಲಾಗುತ್ತದೆ? ಮೋಹನರಾಜರು ಫೋನು ತೆಗೆದು, ಕನ್ನಡಕ ಏರಿಸಿ, ಸ್ವಲ್ಪ ಹೊತ್ತು ನೋಡಿ, ಹೇಳಿದರು:

"ನೀನು ಫ್ರಾಂಕ್‌ಫರ್ಟ್ ಮೇಲೆ ಹೋಗಿದ್ರೆ ಸಿಕ್ಕಿರೋದು ಕಣಪ್ಪ."

ಜಯಂತ ಎದ್ದು ಒಳಗೆ ಹೋದ. ಇವರು ಅವನ ಹಿಂದೆಯೇ ನಾಲ್ಕು ಹೆಜ್ಜೆ ಹೋಗಿ, ಲೇಓವರ್ ಎಷ್ಟಿತ್ತು ಎಂದು ಕೇಳಿದರು.

ಈಗ ನಾಗಮಣಿಯ ವಿಷಯ. ಆಕೆಗೆ ಒಬ್ಬಳೇ ಅಕ್ಕ, ಚಂದ್ರಪ್ರಭಾ. ಅಕ್ಕನ ಗಂಡ ಶ್ರೀಕಂಠಯ್ಯ ಗಣಿತದ ಮೇಷ್ಟ್ರು. ಮದುವೆಯಾದ ಹೊಸತರಲ್ಲೇ ಆಫ್ರಿಕಾದ ಬೋಟ್ಸ್‌ವಾನಾಕ್ಕೆ ಹೋಗಿ, ಫ್ರಾನ್ಸಿಸ್‌ಟೌನ್ ಎಂಬ ಊರಿನ ಶಾಲೆಯಲ್ಲಿ ಪಾಠ ಹೇಳಿ, ಅಲ್ಲೇ ನೆಲೆ ನಿಂತವರು. ಅಪ್ಪ, ಅಮ್ಮ, ಅಣ್ಣ ಎಲ್ಲ ಹೋದ ಮೇಲೆ ಅಕ್ಕತಂಗಿಯರ ಪಾಲಿಗೆ ತವರು ಎಂದರೆ ಇವಳಿಗೆ ಅವಳು, ಅವಳಿಗೆ ಇವಳು.

ಶ್ರೀಕಂಠಯ್ಯನವರಿಗೆ ಎಪ್ಪತ್ತು ತುಂಬಿತು. ಭೀಮರಥ ಶಾಂತಿ ಮಾಡಿಸಬೇಕು ಎಂದು ಮಕ್ಕಳು ನಿಶ್ಚಯ ಮಾಡಿದರು. ಆ ಶಾಂತಿಯಲ್ಲಿ ಗಂಡ ಹೆಂಡತಿಗೆ ಮತ್ತೆ ತಾಳಿ ಕಟ್ಟುತ್ತಾನೆ, ಆ ಹೊತ್ತಿನಲ್ಲಿ ಆಕೆ ಉಡಬೇಕಾದದ್ದು ತವರಿನ ಸೀರೆ. ಚಂದ್ರಪ್ರಭಾ ಫೋನು ಮಾಡಿ ಬೇರೆ ಏನನ್ನೂ ಕೇಳಲಿಲ್ಲ.

"ಸೀರೆ ಕೊರಿಯರ್ ಮಾಡಬೇಡ ನಾಗು. ನೀನೇ ತಂದು ನನ್ನ ಮಡಿಲಿಗೆ ಹಾಕು. ಅದನ್ನ ಉಟ್ಟೇ ನಾನು ಹಸೆ ಮೇಲೆ ಕೂರೋದು."

ನಾಗಮಣಿ ಹಸಿರಂಚಿನ ಅರಿಶಿನ ಬಣ್ಣದ ರೇಷ್ಮೆ ಸೀರೆಯನ್ನು ಬೆಂಗಳೂರಿನಿಂದ ತರಿಸಿದಳು. ಬೀರುವಿನಲ್ಲಿಟ್ಟು, ದಿನಕ್ಕೊಂದು ಸಲ ತೆಗೆದು ನೋಡುತ್ತಿದ್ದಳು. ಹೋಗುವುದೊಂದೇ ಬಾಕಿ. ಆದರೆ ಹೋಗುವುದು ಎಂದರೆ ದೂರ, ದೂರ ಎಂದರೆ ಮೋಹನರಾಜರ ಇಲಾಖೆ.

ಅವರು ಅದನ್ನು ಕೈಗೆತ್ತಿಕೊಂಡ ಚೆಂದ ನೋಡಿ. ಅಷ್ಟು ದೂರ ಹೋಗಿ ಬರೀ ಒಂದು ಶಾಂತಿ ನೋಡಿ ಬರುವುದೇ ಎಂದು, ಇರ್ವಿಂಗಿನ ಸಂಪತ್ ದಂಪತಿಯನ್ನೂ ಇನ್ನೆರಡು ಜೋಡಿಯನ್ನೂ ಕಟ್ಟಿಕೊಂಡು ಸಫಾರಿ ಟೂರು ಮಾಡಿದರು. ಮೊದಲು ಜೋಹಾನ್ಸ್‌ಬರ್ಗ್, ಅಲ್ಲಿಂದ ಬೋಟ್ಸ್‌ವಾನಾದ ಕಸಾನೆ ಎಂಬ ಊರು, ಅಲ್ಲಿ ಆನೆ ನೋಡುವುದು. ಶನಿವಾರ ಕಸಾನೆಯಿಂದ ಗಂಡಹೆಂಡತಿ ಇಬ್ಬರೂ ಫ್ರಾನ್ಸಿಸ್‌ಟೌನ್‌ಗೆ ಹಾರಿದರೆ ಭಾನುವಾರ ಬೆಳಿಗ್ಗೆ ಮುಹೂರ್ತ. ವೆಬ್‌ಸೈಟಿನಲ್ಲಿ ಅವರೇ ಒತ್ತಿ ನೋಡಿದ್ದರು: ಇನ್ನೂರ ಎಂಬತ್ತು ಮೈಲಿ, ಹಾರುವ ಹೊತ್ತು ಒಂದು ಗಂಟೆ ಮೂರು ನಿಮಿಷ. ಬರೀ ಡಲ್ಲಾಸ್–ಹ್ಯೂಸ್ಟನ್.

ಆ ಶನಿವಾರದ ಟಿಕೆಟ್ ಎಲ್ಲಿ ಎಂದು ನಾಗಮಣಿ ಕೇಳಿದಳು. ಅದು ಸಣ್ಣ ವಿಮಾನ, ಅಲ್ಲೇ ಕೌಂಟರಿನಲ್ಲಿ ಕೊಡುತ್ತಾರೆ, ಕೆಎಸ್‌ಆರ್‌ಟಿಸಿ ಬಸ್ಸಿನ ಹಾಗೆ ಎಂದರು. ಆಕೆಗೆ ಅನುಮಾನ ಹೋಗಲಿಲ್ಲ. ಆಸ್ಟಿನ್ನಿಗೆ ಹೋದಾಗ ಮಗಳಿಗೆ ಹೇಳಿದಳು. ಪ್ರಗತಿ ಎಲ್ಲ ಕಡೆ ಹುಡುಕಿ, ತಲೆಯೆತ್ತಿ, ಡ್ಯಾಡ್, ದೇರ್ ಈಸ್ ನೋ ಸಚ್ ಫ್ಲೈಟ್ ಎಂದಳು.

ಮೋಹನರಾಜರು ಫೋನನ್ನು ಅವಳ ಮುಖದ ಮುಂದೆ ಹಿಡಿದರು. "ಇಲ್ಲಿ ನೋಡು. ಫ್ಲೈಟೇ ಇಲ್ಲದೆ ಫ್ಲೈಟ್ ಟೈಮ್ ಎಲ್ಲಿಂದಮ್ಮ ಬರುತ್ತೆ?"

ಪ್ರಗತಿ ಅದೇ ಫೋನು ತೆಗೆದುಕೊಂಡು ಮರ್ಫಿ ಎಂದು ಒತ್ತಿದಳು, ಪ್ರಾಸ್ಪರ್ ಎಂದು ಒತ್ತಿದಳು. ಮರ್ಫಿಯಿಂದ ಪ್ರಾಸ್ಪರ್ ಎಂದರೆ ನಾವು ಗೃಹಪ್ರವೇಶಕ್ಕೆ ಪಾಯಸದ ಪಾತ್ರೆ ತೊಡೆಯ ಮೇಲಿಟ್ಟುಕೊಂಡು ಹೋಗಿಬರುವ ದೂರ. ಹಾರುವ ಹೊತ್ತು ಮೂವತ್ತೆರಡು ನಿಮಿಷ ಎಂದು ಬಂತು. ತಾಯಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೋಹನರಾಜರು ನಗಲಿಲ್ಲ. ಯೋಚನೆ ಮಾಡಿದರು.

"ಪ್ರಾಸ್ಪರ್‌ನಲ್ಲಿ ಎಲ್ಲ ದುಡ್ಡಿರೋರು. ಪ್ರೈವೇಟ್ ಏರ್‌ಸ್ಟ್ರಿಪ್ ಇರುತ್ತೆ," ಎಂದರು.

ಇನ್ನೊಬ್ಬರೂ ಎಚ್ಚರಿಸಿದರು, ಅದು ಇನ್ನೂ ಚೆಂದ. ಶ್ರೀಕಂಠಯ್ಯನವರು ಫೋನಿನಲ್ಲಿ, ಕಸಾನೆಯಿಂದ ನಮ್ಮ ಊರಿಗೆ ವಿಮಾನ ಇರುವುದನ್ನು ನಾನಂತೂ ಕೇಳಿಲ್ಲ, ಶುಕ್ರವಾರವೇ ಹೊರಡಿ, ಕಾರು ಕಳಿಸುತ್ತೇನೆ ಎಂದರು. ಮೋಹನರಾಜರು ಹೆಂಡತಿಯ ಕೈಯಿಂದ ಫೋನು ಕಿತ್ತುಕೊಂಡು, ನಲವತ್ತು ವರ್ಷದಿಂದ ಬೋಟ್ಸ್‌ವಾನಾದಲ್ಲಿ ಇರುವ ಮನುಷ್ಯನಿಗೆ ಬೋಟ್ಸ್‌ವಾನಾ ಎಂದರೆ ಏನೆಂದು ಅರ್ಧ ಗಂಟೆ ತಿಳಿಸಿಕೊಟ್ಟರು. ಇತ್ತೀಚೆಗೆ ಶುರುವಾಗಿರಬೇಕು, ನೀವು ಗಮನಿಸಿಲ್ಲ ಎಂದರು. ಷಡ್ಡಕನ ಹತ್ತಿರ ವಾದ ಯಾಕೆಂದು ಮೇಷ್ಟ್ರು ಸುಮ್ಮನಾದರು. ನಾಗಮಣಿಯೂ ಸುಮ್ಮನಾದಳು. ಇವರ ಜತೆ ಜಗಳಕ್ಕೆ ನಿಂತರೆ ಆ ಜಗಳಕ್ಕೂ ಯಾವುದು ಹತ್ತಿರದ ದಾರಿ ಎಂದು ಹೇಳಿಕೊಡುವ ಮನುಷ್ಯ ಇದು.

ಹೋದರು. ಆನೆ ನೋಡಿದರು. ಹೊಳೆಯ ಮೇಲೆ ದೋಣಿಯಲ್ಲಿ ಕೂತು, ಇಲ್ಲಿಂದ ಆಚೆ ದಡಕ್ಕೆ ಎಷ್ಟು ಎಂದು ಮೋಹನರಾಜರು ದೋಣಿಯವನಿಗೆ ಹೇಳಿದರು. ಶನಿವಾರ ಊಟ ಮುಗಿಸಿ ಇಬ್ಬರೂ ಕಸಾನೆಯ ಏರ್‌ಪೋರ್ಟಿಗೆ ಬಂದರು. ಬೀಳ್ಕೊಡಲು ಸಂಪತ್ತೂ ಬಂದಿದ್ದ. ನಾಗಮಣಿ ಸೀರೆಯನ್ನು ಸೂಟ್‌ಕೇಸಿಗೆ ಹಾಕಿರಲಿಲ್ಲ. ಡಲ್ಲಾಸಿನಿಂದ ಅಲ್ಲಿಯವರೆಗೂ ಕೈಚೀಲದಲ್ಲಿಟ್ಟು, ಚೀಲವನ್ನು ತೊಡೆ ಮೇಲಿಟ್ಟುಕೊಂಡೇ ಬಂದಿದ್ದಳು.

ಕೌಂಟರಿನಲ್ಲಿ ಒಬ್ಬ ತರುಣಿ ಇದ್ದಳು. ಫ್ರಾನ್ಸಿಸ್‌ಟೌನ್‌ಗೆ ಎರಡು ಟಿಕೆಟ್ ಎಂದರು ಮೋಹನರಾಜರು. ಹಾಗೆ ನೇರ ವಿಮಾನ ಇಲ್ಲ, ರಾಜಧಾನಿ ಗಾಬೊರೋನೆಗೆ ಹೋಗಿ ಅಲ್ಲಿಂದ ಹೋಗಬೇಕು, ಇವತ್ತಿನದು ಹೋಗಿಯಾಯಿತು ಎಂದಳು ಆಕೆ. ಮೋಹನರಾಜರು ಫೋನು ತೋರಿಸಿದರು. ಆಕೆ ಓದಿದಳು, ಮೇಲಿನಿಂದ ಕೆಳಗೆ ಪೂರ್ತಿ ಓದಿದಳು, ಮರ್ಯಾದೆಯಿಂದ ವಾಪಸು ಕೊಟ್ಟಳು.

"ಸರ್, ಇದು ಹಕ್ಕಿಗೆ," ಎಂದಳು.

ಸಂಪತ್ ಬೇರೆ ಕಡೆ ತಿರುಗಿ ಕೆಮ್ಮಿದ. ಮೋಹನರಾಜರು ಬಿಡಲಿಲ್ಲ. ಮ್ಯಾನೇಜರನ್ನು ಕರೆಸಿದರು, ಮ್ಯಾನೇಜರೂ ಓದಿದ, ಅವನೂ ಮರ್ಯಾದೆಯಿಂದಲೇ ಕೊಟ್ಟ. ಈ ದೇಶದವರಿಗೆ ತಮ್ಮ ವಿಮಾನ ಎಲ್ಲಿಗೆ ಹೋಗುತ್ತದೆಂದು ತಮಗೇ ಗೊತ್ತಿಲ್ಲ ಎಂದು ಸಂಪತ್ತನಿಗೆ ಕನ್ನಡದಲ್ಲಿ ಹೇಳಿದರು. ಮಧ್ಯಾಹ್ನ ಹಾಗೇ ಕರಗುತ್ತಿತ್ತು. ನಾಗಮಣಿ ಬೆಂಚಿನ ಮೇಲೆ ಕೈಚೀಲ ಅವುಚಿಕೊಂಡು ಕೂತಿದ್ದಳು. ಕೊನೆಗೆ ಮೋಹನರಾಜರು ಬಂದು ಅವಳ ಪಕ್ಕ ಕೂತು, ಒಂದು ಉಪಾಯ ಇದೆ ಎಂದರು. ಭಾನುವಾರ ಬೆಳಿಗ್ಗೆ ವಿಡಿಯೋ ಕಾಲ್ ಮಾಡಿದರಾಯಿತು. ಸೀರೆಯನ್ನು ಕ್ಯಾಮೆರಾಕ್ಕೆ ತೋರಿಸಬಹುದು.

ನಾಗಮಣಿ ಅವರನ್ನು ನೋಡಿದಳು. ನೋಡಿ, ಎದ್ದು, ಕೌಂಟರಿನ ಹುಡುಗಿಯ ಹತ್ತಿರ ಹೋಗಿ, ಬಾಡಿಗೆಗೆ ಕಾರು ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಮುನ್ನೂರು ಮೈಲಿ ರಸ್ತೆ, ಕತ್ತಲಾದ ಮೇಲೆ ಮಾತ್ರ ಓಡಿಸಬೇಡಿ, ರಸ್ತೆಗೆ ಆನೆ ಬರುತ್ತದೆ, ನಡುವೆ ನಾಟಾ ಎಂಬ ಊರಿದೆ, ಅಲ್ಲಿ ಉಳಿದುಕೊಳ್ಳಿ ಎಂದು ಆ ಹುಡುಗಿ ಹೇಳಿಕೊಟ್ಟಳು. ಕೀ ಕೈಗೆ ಬಂದ ಮೇಲೆ ಗಂಡನಿಗೆ ನಾಗಮಣಿ ಹೇಳಿದ್ದು ಒಂದೇ ಮಾತು.

"ನೀವು ಬರ್ತೀರೋ, ಇಲ್ಲೇ ವಿಮಾನ ಕಾಯ್ತೀರೋ?"

ಬಂದರು. ಅಭ್ಯಾಸಬಲ ನೋಡಿ, ಟೆಕ್ಸಸ್‌ನಲ್ಲಿ ಹತ್ತುವ ಹಾಗೆ ಬಲಗಡೆ ಬಾಗಿಲು ತೆಗೆದು ಗತ್ತಿನಿಂದ ಕೂತರು. ಕೂತರೆ ಎದುರಿಗೆ ಸ್ಟೀರಿಂಗ್. ಆ ದೇಶದಲ್ಲಿ ಓಡಿಸುವವರು ಬಲಕ್ಕೆ, ನಮ್ಮ ಮೈಸೂರಿನ ಹಾಗೆ. ಸ್ಟೀರಿಂಗಿನ ಮುಂದೆ ಅವರು ಎಷ್ಟೋ ವರ್ಷದ ಮೇಲೆ ಕೂತದ್ದು. ನಾಗಮಣಿ ಬಾಗಿಲು ಹಿಡಿದು ನಿಂತು ಕಾದಳು. ಅವರು ಇಳಿದು, ಸುತ್ತು ಹಾಕಿ, ಎಡಕ್ಕೆ ಹೋಗಿ ಕೂತರು.

ನಾಗಮಣಿಗೆ ಎಡಗಡೆಯ ರಸ್ತೆ ಹೊಸದಲ್ಲ. ಅಕ್ಕತಂಗಿ ಇಬ್ಬರೂ ಮೈಸೂರಿನಲ್ಲಿ ಅಪ್ಪನ ಅಂಬಾಸಿಡರಿನಲ್ಲಿ ಡ್ರೈವಿಂಗ್ ಕಲಿತವರು. ಊರು ದಾಟಿದ ಮೇಲೆ ಫೋನಿನ ಸಿಗ್ನಲ್ ಹೋಯಿತು. ಮೋಹನರಾಜರು ಫೋನನ್ನು ಎತ್ತಿ ಹಿಡಿದರು, ಕಿಟಕಿಯಿಂದ ಹೊರಗೆ ಹಿಡಿದರು, ಮಡಿಲಲ್ಲಿಟ್ಟು ನೋಡುತ್ತ ಕೂತರು. ದಾರಿಯಲ್ಲಿ ಒಂದು ಆನೆ ಹಿಂಡು ಮರಿಗಳ ಸಮೇತ ರಸ್ತೆ ದಾಟುತ್ತಿತ್ತು. ಹಾರ್ನ್ ಮಾಡು, ಲೇಟಾಗುತ್ತಿದೆ ಎಂದರು. ನಾಗಮಣಿ ಇಂಜಿನ್ ಆರಿಸಿ, ಕೊನೆಯ ಮರಿ ದಾಟುವವರೆಗೂ ಕಾದಳು. ಹೊತ್ತು ಮುಳುಗುವಾಗ ನಾಟಾ ಬಂತು.

ಬೆಳಿಗ್ಗೆ ಆಕೆ ಸ್ನಾನ ಮಾಡಿ ಕಾರಿನ ಹತ್ತಿರ ನಿಂತಾಗ ಮೋಹನರಾಜರು ಲಾಡ್ಜಿನಲ್ಲಿ ತಿಂಡಿಗೆ ಕಾಯುತ್ತಿದ್ದರು. ರೂಮಿನ ಜತೆ ತಿಂಡಿ ಸೇರಿದೆ, ಬಿಟ್ಟು ಯಾಕೆ ಹೋಗಬೇಕು, ಇನ್ನು ಬರೀ ಎರಡು ಗಂಟೆಯ ದಾರಿ. ಆಕೆ ಹೋಗಿ ಅವರ ಮುಂದೆ ನಿಂತದ್ದಕ್ಕೆ ಎರಡು ಬ್ರೆಡ್ಡು ಕೈಯಲ್ಲಿ ಹಿಡಿದು ಎದ್ದರು. ಆಗಲೂ ಹೊತ್ತಿತ್ತು. ಮುಹೂರ್ತಕ್ಕೆ ಮುಟ್ಟಬಹುದಿತ್ತು.

ಮುಂದೆ ರಸ್ತೆಗೆ ಅಡ್ಡ ಒಂದು ಗೇಟು. ದನಕರುಗಳ ಕಾಲುಬಾಯಿ ರೋಗ ಹರಡದ ಹಾಗೆ ಅಲ್ಲಿ ಕಾರಿನ ಚಕ್ರಕ್ಕೆ ಔಷಧಿ ತಾಗಿಸುತ್ತಾರೆ. ಕಾರಿನವರೆಲ್ಲ ಇಳಿದು ಔಷಧಿ ನೆನೆಸಿದ ಚಾಪೆಯ ಮೇಲೆ ಚಪ್ಪಲಿ ಒತ್ತಿ ನಡೆಯಬೇಕು. ಮುಂದಿದ್ದ ಲಾರಿಯವರು ಇಳಿದರು, ಒತ್ತಿದರು, ಹೋದರು. ನಾಗಮಣಿ ಇಳಿದು ಒತ್ತಿ ಬಂದಳು. ಮೋಹನರಾಜರು ಇಳಿಯಲಿಲ್ಲ. ತಮ್ಮ ಬೂಟು ಅಮೆರಿಕದ್ದು, ಅದಕ್ಕೆ ದನದ ರೋಗ ಇಲ್ಲ ಎಂದು ಕಿಟಕಿಯಿಂದಲೇ ತಿಳಿಸಿದರು. ಗೇಟಿನಾತ ಇನ್ನೊಮ್ಮೆ ವಿನಯದಿಂದ ಹೇಳಿದ. ಇವರು ಇನ್ನೊಮ್ಮೆ ಅಮೆರಿಕ ಎಂದರು. ಹಾಗಾದರೆ ಪೆಟ್ಟಿಗೆಯಲ್ಲಿರುವ ಬೂಟುಗಳನ್ನೂ ತೆಗೆಯಿರಿ, ನೋಡೋಣ ಎಂದ ಆತ.

ಡಲ್ಲಾಸಿನಿಂದ ತಂದ ಸೂಟ್‌ಕೇಸುಗಳು ರಸ್ತೆಯ ಪಕ್ಕದಲ್ಲಿ ಬಾಯಿ ತೆರೆದವು. ವಾಕಿಂಗ್ ಬೂಟು, ಸಫಾರಿ ಬೂಟು, ಶಾಂತಿಗೆಂದು ತಂದ ಹೊಸ ಚಪ್ಪಲಿ. ಒಂದೊಂದನ್ನೂ ಮೋಹನರಾಜರು ಬಗ್ಗಿ ಚಾಪೆಗೆ ಒತ್ತಿದರು, ಕತ್ತು ನೋವೆಂದು ನರಳುತ್ತ. ಹಿಂದಿನ ಕಾರುಗಳು ಪಕ್ಕದಿಂದ ದಾಟಿ ಹೋದವು. ನಾಗಮಣಿ ಕೈಚೀಲ ಎದೆಗೊತ್ತಿಕೊಂಡು ರಸ್ತೆಯನ್ನೇ ನೋಡುತ್ತಿದ್ದಳು. ಅಳಲಿಲ್ಲ. ಅಳುವುದಕ್ಕಿಂತ ಅದು ಹೆಚ್ಚಿನದು.

ಫ್ರಾನ್ಸಿಸ್‌ಟೌನಿನ ಮನೆಯ ಮುಂದೆ ಕಾರು ನಿಲ್ಲಿಸುವಾಗ ಒಳಗಿನಿಂದ ಆರತಿಯ ಹಾಡು ಕೇಳುತ್ತಿತ್ತು. ತಾಳಿ ಕಟ್ಟಿಯಾಗಿತ್ತು. ಪುರೋಹಿತರು ಬೇರೆ ಊರಿನಿಂದ ಬಂದವರು, ಮುಹೂರ್ತ ಮೀರಬಾರದೆಂದು ಹಟ ಹಿಡಿದರಂತೆ. ಶ್ರೀಕಂಠಯ್ಯನವರು ತಾಳಿ ಕೈಯಲ್ಲಿ ಹಿಡಿದು, ಅವಳ ತಂಗಿ ಬರಲಿ, ಇನ್ನೈದು ನಿಮಿಷ ಎಂದು ತಡೆದು ತಡೆದು ಸಾಕಾದರಂತೆ. ಚಂದ್ರಪ್ರಭಾ ಕೊನೆಗೆ ಎದ್ದು ಹೋಗಿ, ತನ್ನ ಮದುವೆಯಲ್ಲಿ ಅಮ್ಮ ಕೊಟ್ಟಿದ್ದ ಸೀರೆ ತೆಗೆದು ಉಟ್ಟು ಬಂದು ಕೂತಳಂತೆ. ಮಡಿಕೆ ಮಡಿಕೆಯಲ್ಲೂ ಅದು ಬಿರಿದಿತ್ತು.

ತಂಗಿ ಬಾಗಿಲಲ್ಲಿ ನಿಂತದ್ದನ್ನು ಅಕ್ಕ ಹಸೆಯಿಂದಲೇ ನೋಡಿದಳು.

"ಬಾರೇ. ತವರು ಲೇಟಾಗಿ ಬಂದ್ರೂ ತವರೇ," ಎಂದಳು.

ನಾಗಮಣಿ ಸೀರೆಯನ್ನು ಅಕ್ಕನ ಮಡಿಲಿಗೆ ಹಾಕಿ, ಆ ಮಡಿಲಲ್ಲೇ ಮುಖ ಇಟ್ಟಳು. ಅವಳು ಆಗ ಅತ್ತಳು.

ಇಷ್ಟಾದ ಮೇಲೂ ಮನುಷ್ಯನಾದವನು ಒಂದು ಮೂಲೆ ನೋಡಿಕೊಂಡು ಕೂರುತ್ತಾನೆ. ಮೋಹನರಾಜರು ಎಲೆಯ ಮುಂದೆ ಕೂತು, ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ಮುಹೂರ್ತವನ್ನು ಒಂದು ಗಂಟೆ ಮುಂದಕ್ಕೆ ಇಟ್ಟುಕೊಂಡಿದ್ದರೆ ಈ ತೊಂದರೆ ಇರುತ್ತಿರಲಿಲ್ಲ ಎಂದು ಷಡ್ಡಕನಿಗೆ ಹೇಳಿದರು. ಮೇಷ್ಟ್ರು ಪಾಠ ಹೇಳಿದವರು, ದಡ್ಡರನ್ನು ಕಂಡವರು. ತಿಳಿಸಾರು ಬಡಿಸಲೇ ಎಂದು ಕೇಳಿದರು.

ಡಲ್ಲಾಸಿಗೆ ವಾಪಸು ಬಂದು ತಿಂಗಳೂ ಆಗಿರಲಿಲ್ಲ. ಇರ್ವಿಂಗಿನಲ್ಲಿ ಸಂಪತ್ತನ ಮನೆಯಲ್ಲಿ ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್. ಮೋಹನರಾಜರು ತಟ್ಟೆಯಲ್ಲಿ ಪುಳಿಯೋಗರೆ ಹಿಡಿದು, ನಡುವೆ ನಿಂತು, ಆಫ್ರಿಕಾ ಹೇಳುತ್ತಿದ್ದರು. ಕಸಾನೆಯಿಂದ ಫ್ರಾನ್ಸಿಸ್‌ಟೌನ್ ಬರೀ ಒಂದು ಗಂಟೆ ಮೂರು ನಿಮಿಷವಂತೆ. ಆದರೆ ಸೀನರಿ ನೋಡೋಣ ಎಂದು ತಾವೇ ಬೇಕೆಂದು ರಸ್ತೆಯಲ್ಲಿ ಹೋದರಂತೆ. ಸಂಪತ್ ಅಡುಗೆಮನೆಗೆ ಹೋಗಿ ಕೆಮ್ಮಿದ. ನಾಗಮಣಿ ಸೋಫಾದ ತುದಿಯಲ್ಲಿ ಕೂತು ತಟ್ಟೆ ನೋಡುತ್ತಿದ್ದಳು. ತಾಳಿ ಕಟ್ಟುವುದು ಸಿಕ್ಕಿತಾ ಆಂಟಿ ಎಂದು ಯಾರೋ ಕೇಳಿದರು. ಇಲ್ಲಮ್ಮ ಎಂದಳು.

ಮೂಲೆಯಲ್ಲಿ ಜಯಂತ ನಿಂತಿದ್ದ. ಅವನು ಮೋಹನರಾಜರ ಜತೆ ಮಾತು ಬಿಟ್ಟು ವರ್ಷವಾಗಿತ್ತು. ತಟ್ಟೆ ಕೆಳಗಿಟ್ಟು, ಮೃದುವಾಗಿಯೇ ಹೇಳಿದ:

"ಗಾಬೊರೋನೆ ಮೇಲೆ ಹೋಗಿದ್ರೆ ಸಿಕ್ಕಿರೋದು ಅಂಕಲ್."

ನಮಗೆಲ್ಲ ಅರ್ಥವಾಯಿತು, ನಾಗಮಣಿಗೂ ಅರ್ಥವಾಯಿತು. ತಲೆಯೆತ್ತಿ ಜಯಂತನನ್ನು ನೋಡಿದಳು. ಅರ್ಥವಾಗದೆ ಉಳಿದವರು ಒಬ್ಬರೇ. ಹೌದಾ, ನೋಡೋಣ ಎಂದು ಅವರು ಪುಳಿಯೋಗರೆಯ ಕೈಯಲ್ಲೇ ಫೋನು ತೆಗೆದರು.

ಮುಂದಿನ ಶನಿವಾರ ನಾಗಮಣಿ ಆಸ್ಟಿನ್ನಿಗೆ ಹೊರಟಳು, ಮಗಳ ಮನೆಗೆ. ತಿಂಡಿಯ ಡಬ್ಬಿ ಹಿಂದಿಟ್ಟು, ಕಾರು ಡ್ರೈವ್‌ವೇಗೆ ತಂದಳು. ಮೋಹನರಾಜರು ಬಾಗಿಲು ಹಾಕಿಕೊಂಡು, ಮೂವತ್ತೈದನೇ ಹೈವೇ ಮೇಲೆ ವೇಕೋ ಹತ್ತಿರ ಟ್ರಾಫಿಕ್ ಇದೆ ಎನ್ನುತ್ತ ಬಂದು, ಪಕ್ಕದ ಬಾಗಿಲಿನ ಹಿಡಿಗೆ ಕೈ ಹಾಕಿದರು. ಬಾಗಿಲು ಒಳಗಿನಿಂದ ಲಾಕ್ ಆಗಿತ್ತು. ಗಾಜು ಅರ್ಧ ಇಳಿಯಿತು.

"ನೀವು ಫ್ಲೈಟಲ್ಲಿ ಬನ್ನಿ," ಎಂದಳು ನಾಗಮಣಿ.

ಗಾಜು ಏರಿತು. ಕಾರು ಹಿಂದಕ್ಕೆ ಹೋಗಿ, ತಿರುಗಿ, ಬೀದಿಯ ಕೊನೆಯಲ್ಲಿ ಇಂಡಿಕೇಟರ್ ಹಾಕಿ ಮರೆಯಾಯಿತು. ಎದುರುಮನೆಯವರು ಹುಲ್ಲಿಗೆ ನೀರು ಬಿಡುತ್ತ ಎಲ್ಲ ನೋಡಿದರು, ನಮಗೆ ಹೇಳಿದವರೂ ಅವರೇ. ಮೋಹನರಾಜರು ಅಲ್ಲೇ ನಿಂತು ಕನ್ನಡಕ ಏರಿಸಿ, ಮರ್ಫಿ ಎಂದು ಒತ್ತಿ, ಆಸ್ಟಿನ್ ಎಂದು ಒತ್ತಿ, ಎದುರುಮನೆಯವರಿಗೆ ಕೇಳುವ ಹಾಗೆ ಹೇಳಿದರಂತೆ, ಬರೀ ಐವತ್ಮೂರು ನಿಮಿಷ ಎಂದು.